ಶಿವನಸಮುದ್ರದ ಪಾಠ: ಕೂಡಿ ಕಲಿಯಬೇಕಾದ ವಿದ್ಯೆಗಳು

ಮಳವಳ್ಳಿಯನ್ನು ದಾಟಿ ದಕ್ಷಿಣಕ್ಕೆ ಸಾಗಿದರೆ ಕಾವೇರಿ ಎರಡಾಗಿ ಕವಲೊಡೆಯುವ ತಾಣ ಸಿಗುತ್ತದೆ. ಪಶ್ಚಿಮದ ಕವಲು ಗಗನಚುಕ್ಕಿಯಾಗಿ, ಪೂರ್ವದ ಕವಲು ಭರಚುಕ್ಕಿಯಾಗಿ ಧುಮುಕಿ, ಕೆಳಗಿನ ಕಣಿವೆಯಲ್ಲಿ ಮತ್ತೆ ಒಂದಾಗಿ ಹರಿಯುತ್ತವೆ. ನಡುವೆ ಉಳಿದ ನಡುಗಡ್ಡೆಯೇ ಶಿವನಸಮುದ್ರ. ಅಲ್ಲಿ ಮಧ್ಯರಂಗನೆಂದು ಹೆಸರಾದ ರಂಗನಾಥನ ಗುಡಿಯಿದೆ, ಗಗನಚುಕ್ಕಿಯ ಸಮೀಪ ಸೂಫಿ ಸಂತರ ದರ್ಗಾ ಇದೆ, ಹತ್ತೊಂಬತ್ತನೆಯ ಶತಮಾನದ ಕಲ್ಲಿನ ಸೇತುವೆಯಿದೆ. ಇವೆಲ್ಲದರ ನಡುವೆ, ಒಂದು ಶತಮಾನಕ್ಕೂ ಮಿಕ್ಕಿ ವಿದ್ಯುತ್ತನ್ನು ಉತ್ಪಾದಿಸುತ್ತ ಬಂದಿರುವ ಒಂದು ಹಳೆಯ ಕೇಂದ್ರವೂ ಇದೆ.

ಪ್ರವಾಸಿಗರಿಗೆ ಇದು ನೋಡುವ ಸ್ಥಳ. ಇತಿಹಾಸದ ವಿದ್ಯಾರ್ಥಿಗೆ ಇದು ಒಂದು ಪ್ರಶ್ನೆಯೂ ಹೌದು. ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಾಗ ನಮ್ಮ ಮನೆಗಳಲ್ಲಿ ಒಂದೇ ಚರ್ಚೆ: ವಿಜ್ಞಾನವೋ, ವಾಣಿಜ್ಯವೋ, ಕಲೆಯೋ? ಹದಿನೈದು ಹದಿನಾರರ ಹರೆಯದ ಮಗ ಅಥವಾ ಮಗಳು ಮೂರು ಬಾಗಿಲುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಒಂದು ತೆರೆದರೆ ಉಳಿದೆರಡು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತವೆ. ವಿದ್ಯೆ ಹೀಗೆ ಕವಲೊಡೆದದ್ದು ಯಾವಾಗ? ಕವಲುಗಳನ್ನು ಮತ್ತೆ ಕೂಡಿಸುವ ಪದವಿಯೊಂದನ್ನು ಕಟ್ಟಲು ನಮ್ಮ ನಾಡಿನಲ್ಲಿ ಯಾರಾದರೂ ಯತ್ನಿಸಿದ್ದರೇ? ಯತ್ನಿಸಿದ್ದರು. ಆ ಕಥೆಯ ಒಂದು ತುದಿ ಶಿವನಸಮುದ್ರದಲ್ಲಿದೆ.

ಒಂದು ಜಲಪಾತ, ಹಲವು ವಿದ್ಯೆಗಳು

1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಅವರ ಅಧಿಕಾರದ ಕೊನೆಯ ವರ್ಷಗಳಲ್ಲಿ, ಕಾವೇರಿಯ ಧುಮುಕಿನಿಂದ ವಿದ್ಯುತ್ತನ್ನು ಪಡೆದು ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸುವ ಯೋಜನೆ ರೂಪುಗೊಂಡಿತು. ರಾಜ್ಯದ ಉಪ ಮುಖ್ಯ ಎಂಜಿನಿಯರರಾಗಿದ್ದ ಎ. ಜೆ. ಡಿ ಲಾಟ್‌ಬಿನಿಯರ್ ಎಂಬ ಕೆನಡಾ ಮೂಲದ ಸೇನಾ ಎಂಜಿನಿಯರರು ಯೂರೋಪು ಅಮೆರಿಕಗಳಿಗೆ ಹೋಗಿ ಅಲ್ಲಿನ ಹೊಸ ತಂತ್ರಗಳನ್ನು ಕಂಡು ಬಂದರು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಿಂದಲೂ, ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಸಂಸ್ಥೆಯಿಂದಲೂ ಬಂದವು. ಮದ್ದೂರಿನ ರೈಲು ನಿಲ್ದಾಣದಲ್ಲಿ ಇಳಿದ ಭಾರವಾದ ಸಾಮಗ್ರಿಗಳು ಎತ್ತಿನ ಗಾಡಿಗಳಲ್ಲಿ ಶಿವನಸಮುದ್ರದತ್ತ ಸಾಗಿದವು. 1902ರ ಜೂನ್ 30ರಂದು ವಿದ್ಯುತ್ತು ಸುಮಾರು 147 ಕಿಲೋಮೀಟರ್ ಉದ್ದದ ತಂತಿಯ ಮೇಲೆ ಕೋಲಾರವನ್ನು ತಲುಪಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಆ ದಿನವನ್ನು ಕಾಣಲು ಶೇಷಾದ್ರಿ ಅಯ್ಯರ್ ಉಳಿದಿರಲಿಲ್ಲ. ಅವರು 1901ರ ಸೆಪ್ಟೆಂಬರಿನಲ್ಲಿಯೇ ನಿಧನರಾಗಿದ್ದರು.

ಇದನ್ನು ನಾವು ಸಾಮಾನ್ಯವಾಗಿ ಎಂಜಿನಿಯರಿಂಗ್ ವಿಜಯವೆಂದು ಹೇಳುತ್ತೇವೆ. ಅದು ನಿಜ, ಆದರೆ ಅರ್ಧ ನಿಜ. ನೀರು ಎಷ್ಟು ಹರಿಯುತ್ತದೆ, ಬೇಸಿಗೆಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಭೂಗೋಳದ ಪ್ರಶ್ನೆ. ಕೊಳ್ಳೇಗಾಲ ತಾಲ್ಲೂಕು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಹೊಳೆಯ ಒಂದು ದಡ ಮೈಸೂರಿನದು, ಇನ್ನೊಂದು ದಡ ಬ್ರಿಟಿಷರದು. ಹೀಗಾಗಿ ಅದು ಕಾನೂನಿನ, ರಾಜನೀತಿಯ ಪ್ರಶ್ನೆಯೂ ಆಯಿತು. ಕಾವೇರಿ ನೀರಿನ ಬಗ್ಗೆ ಎರಡು ಸರ್ಕಾರಗಳು 1892ರಲ್ಲಿ ಒಂದು, 1924ರಲ್ಲಿ ಮತ್ತೊಂದು ಒಪ್ಪಂದ ಮಾಡಿಕೊಂಡದ್ದು ಎಲ್ಲರೂ ಬಲ್ಲ ಸಂಗತಿ. ಗಣಿ ಕಂಪನಿಗಳು ಯಾವ ದರಕ್ಕೆ ಎಷ್ಟು ವರ್ಷ ವಿದ್ಯುತ್ತನ್ನು ಕೊಳ್ಳುತ್ತವೆ, ಹಾಕಿದ ಬಂಡವಾಳ ಯಾವಾಗ ಹಿಂದಿರುಗುತ್ತದೆ ಎಂಬುದು ಅರ್ಥಶಾಸ್ತ್ರ. ಇಷ್ಟೂ ವಿದ್ಯೆಗಳು ಒಂದೇ ಮೇಜಿನ ಸುತ್ತ ಕುಳಿತಾಗಲೇ ಆ ತಂತಿಯಲ್ಲಿ ಮಿಂಚು ಹರಿಯಿತು.

ಆದರೆ ಆ ಮೇಜಿನ ಬಳಿ ಕೂರದ ವಿದ್ಯೆಗಳೂ ಇದ್ದವು. ತಂತಿ ಹಾದುಹೋದ ದಾರಿಯ ಹಳ್ಳಿಗಳು ಆಗ ಕತ್ತಲೆಯಲ್ಲಿಯೇ ಉಳಿದವು. ಬೆಂಗಳೂರು ನಗರಕ್ಕೆ ದೀಪ ಬಂದದ್ದು 1905ರ ಆಗಸ್ಟಿನಲ್ಲಿ, ಮೈಸೂರಿಗೆ 1908ರಲ್ಲಿ; ತಂತಿಯ ಕೆಳಗಿನ ರೈತ ಇನ್ನೂ ದೀರ್ಘಕಾಲ ಎಣ್ಣೆಯ ಬುಡ್ಡಿಯಲ್ಲೇ ಬದುಕಿದ. ತಂತಿಯ ಇನ್ನೊಂದು ತುದಿಯಲ್ಲಿ, ನೆಲದಾಳಕ್ಕೆ ಇಳಿದ ಗಣಿ ಕಾರ್ಮಿಕನ ಶ್ವಾಸಕೋಶವನ್ನು ಕಲ್ಲಿನ ಧೂಳು ತಿನ್ನುತ್ತಿತ್ತು. ಸಿಲಿಕೋಸಿಸ್ ಎಂಬ ಆ ರೋಗವನ್ನು ಕೆ.ಜಿ.ಎಫ್.ನಲ್ಲಿ ವೈದ್ಯರು ಶಾಸ್ತ್ರೀಯವಾಗಿ ಅಧ್ಯಯನ ಮಾಡಿ ದಾಖಲಿಸಿದ್ದು ದಶಕಗಳ ನಂತರ. ಗಣಿಗಳು 2001ರಲ್ಲಿ ಮುಚ್ಚಿದವು. ತಂತಿ ಎಳೆದ ಮೂಲ ಉದ್ದೇಶವೇ ಇಲ್ಲವಾಯಿತು. ಯಂತ್ರವನ್ನು ನಡೆಸಲು ಬೇಕಾದ ವಿದ್ಯೆಗಳು ಮೊದಲು ಬಂದವು. ಮನುಷ್ಯನನ್ನು ಕಾಣಲು ಬೇಕಾದ ವಿದ್ಯೆಗಳು ತಡವಾಗಿ ಬಂದವು.

ಕತ್ತರಿಗೆ ಸಿಕ್ಕಿದ ಒಂದು ಯೋಜನೆ

ಶಿವನಸಮುದ್ರದ ಯೋಜನೆ ಸಿದ್ಧವಾಗುತ್ತಿದ್ದ ಕಾಲದಲ್ಲಿಯೇ ಮುಂಬಯಿಯಲ್ಲಿ ಇನ್ನೊಂದು ಯೋಜನೆ ಹುಟ್ಟಿತ್ತು. ಉದ್ಯಮಿ ಜಮ್‌ಶೆಟ್‌ಜಿ ಟಾಟಾ ಅವರು ಭಾರತದಲ್ಲಿ ಉನ್ನತ ಸಂಶೋಧನೆಯ ವಿದ್ಯಾಕೇಂದ್ರವೊಂದನ್ನು ಸ್ಥಾಪಿಸಲು ಸಂಕಲ್ಪಿಸಿದ್ದರು. ಅವರ ಪರವಾಗಿ ಬುರ್ಜೋರ್ಜಿ ಪಾದಶಾ ಅವರು ದೇಶವಿದೇಶಗಳ ವಿಶ್ವವಿದ್ಯಾನಿಲಯಗಳನ್ನು ಅಧ್ಯಯನ ಮಾಡಿ ಕರಡು ಸಿದ್ಧಪಡಿಸಿದರು. 1898ರ ಡಿಸೆಂಬರ್ 31ರಂದು, ಭಾರತಕ್ಕೆ ಆಗತಾನೇ ಬಂದಿಳಿದಿದ್ದ ವೈಸರಾಯ್ ಕರ್ಜನ್ ಅವರನ್ನು ಸಮಿತಿಯ ನಿಯೋಗ ಭೇಟಿ ಮಾಡಿತು.

ಆ ಮೊದಲ ಕರಡಿನಲ್ಲಿ ಮೂರು ವಿಭಾಗಗಳಿದ್ದವು. ಒಂದು ವಿಜ್ಞಾನ ಮತ್ತು ತಂತ್ರವಿದ್ಯೆ, ಎರಡನೆಯದು ವೈದ್ಯ, ಮೂರನೆಯದು ತತ್ವಶಾಸ್ತ್ರ ಮತ್ತು ಶಿಕ್ಷಣ. ಯಂತ್ರವನ್ನು ಬಲ್ಲವನು, ದೇಹವನ್ನು ಬಲ್ಲವನು, ಮನಸ್ಸನ್ನೂ ಸಮಾಜವನ್ನೂ ಬಲ್ಲವನು, ಈ ಮೂವರೂ ಒಂದೇ ಆವರಣದಲ್ಲಿ ಇರಬೇಕೆಂಬುದು ಅದರ ಆಶಯ. ಶಿವನಸಮುದ್ರದ ಮೇಜಿನ ಬಳಿ ಯಾರು ಇರಬೇಕಾಗಿತ್ತೋ ಅವರೆಲ್ಲರೂ ಆ ಕರಡಿನಲ್ಲಿದ್ದರು.

ಮುಂದೆ ನಡೆದದ್ದು ಕತ್ತರಿಯ ಕೆಲಸ. 1900ರಲ್ಲಿ ರಸಾಯನಶಾಸ್ತ್ರಜ್ಞ ವಿಲಿಯಂ ರಾಮ್ಸೆ ಅವರು ದೇಶವನ್ನು ಸುತ್ತಿ ಬೆಂಗಳೂರೇ ಸೂಕ್ತ ಸ್ಥಳವೆಂದು ಸೂಚಿಸಿದರು. 1901ರಲ್ಲಿ ಮ್ಯಾಸನ್ ಮತ್ತು ಕ್ಲಿಬ್ಬರ್ನ್ ಎಂಬ ಇಬ್ಬರ ಸಮಿತಿ ಯೋಜನೆಯನ್ನು ಮತ್ತೆ ಪರಿಶೀಲಿಸಿತು. ಒಂದೊಂದು ಹಂತದಲ್ಲಿಯೂ ಯೋಜನೆ ಕಿರಿದಾಯಿತು. ತತ್ವಶಾಸ್ತ್ರವೂ ಶಿಕ್ಷಣವೂ ವೈದ್ಯವೂ ಹೊರಗುಳಿದವು. ಖರ್ಚಿನ ಭಯವಿತ್ತು. ಇಷ್ಟು ಓದಿದವರಿಗೆ ಉದ್ಯೋಗ ಎಲ್ಲಿದೆ ಎಂಬ ಸಂದೇಹವೂ ಇತ್ತು. ಈ ಎರಡು ಮಾತುಗಳು ಇಂದಿಗೂ ಹಳೆಯದಾಗಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಸಂಸ್ಥೆ ಬೆಂಗಳೂರಿಗೆ ಬರಲು ಮೈಸೂರು ಸರ್ಕಾರದ ಔದಾರ್ಯ ದೊಡ್ಡ ಕಾರಣ. ಶೇಷಾದ್ರಿ ಅಯ್ಯರ್ ಅವರು ಭೂಮಿಯನ್ನೂ ಹಣವನ್ನೂ ನೀಡುವ ಭರವಸೆ ಕೊಟ್ಟಿದ್ದರು. ಅವರು ಗತಿಸಿದ ನಂತರ, 1907ರಲ್ಲಿ ರಾಜ್ಯ 371 ಎಕರೆ ಭೂಮಿಯನ್ನು ನೀಡಿತು. ಟಾಟಾ ಅವರೂ 1904ರಲ್ಲಿಯೇ ತೀರಿಕೊಂಡಿದ್ದರು. 1909ರ ಮೇ 27ರಂದು ಸಂಸ್ಥೆ ಅಧಿಕೃತವಾಗಿ ಸ್ಥಾಪನೆಯಾಯಿತು. 1911ರಲ್ಲಿ ವಿದ್ಯಾರ್ಥಿಗಳು ಪ್ರವೇಶ ಪಡೆದರು. ಬೆಂಗಳೂರಿನ ಹಳಬರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ ಇದೇ. ಅಲ್ಲಿ ಮೊದಲು ಆರಂಭವಾದದ್ದು ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರವಿದ್ಯೆಯ ವಿಭಾಗಗಳು. ನಾಡಿನ ಭೌತಿಕ ಹಾಗೂ ಕೈಗಾರಿಕಾ ಅಭ್ಯುದಯಕ್ಕೆ ನೆರವಾಗುವ ಜ್ಞಾನವನ್ನು ಬೆಳೆಸುವುದೇ ಸಂಸ್ಥೆಯ ಉದ್ದೇಶವೆಂದು ನಿಗದಿಯಾಯಿತು.

ಆ ಸಂಸ್ಥೆ ನಾಡಿಗೆ ಮಾಡಿದ ಉಪಕಾರ ಅಪಾರ. ಅದನ್ನು ಕಡೆಗಣಿಸುವುದು ಕೃತಘ್ನತೆಯಾದೀತು. ಆದರೂ ಕತ್ತರಿಸಿದ ಭಾಗ ಮತ್ತೆ ಚಿಗುರಲು ಒಂದು ನೂರು ವರ್ಷ ಬೇಕಾಯಿತು. 2011ರಲ್ಲಿ ಸಂಸ್ಥೆ ನಾಲ್ಕು ವರ್ಷಗಳ ಪದವಿ ತರಗತಿಯನ್ನು ಆರಂಭಿಸಿದಾಗ, ವಿಜ್ಞಾನದ ಪ್ರತಿಯೊಬ್ಬ ವಿದ್ಯಾರ್ಥಿಯೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತಗಳ ಜೊತೆಗೆ ಎಂಜಿನಿಯರಿಂಗ್ ವಿಷಯಗಳನ್ನೂ ಮಾನವಿಕ ವಿಷಯಗಳನ್ನೂ ಓದಬೇಕೆಂದು ಗೊತ್ತುಪಡಿಸಲಾಯಿತು. ಪಾದಶಾ ಅವರ ಕರಡಿನ ಒಂದು ಎಳೆ ಹೀಗೆ ಮರಳಿ ಬಂದಿತು.

ಎರಡು ನಗರಗಳ ವಿಶ್ವವಿದ್ಯಾನಿಲಯ

ವಿದ್ಯೆ ಕವಲೊಡೆದ ಇನ್ನೊಂದು ಪ್ರಸಂಗ ನಮ್ಮ ನಾಡಿನ ಮೊದಲ ವಿಶ್ವವಿದ್ಯಾನಿಲಯಕ್ಕೆ ಸಂಬಂಧಿಸಿದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಎಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಸ್ಥಾಪನೆಗೆ ಮೊದಲು ಸಿ. ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಂ ಅವರು ಹೊರನಾಡುಗಳ ವಿಶ್ವವಿದ್ಯಾನಿಲಯಗಳ ರೀತಿಯನ್ನು ಪರಿಶೀಲಿಸಿದ್ದರು.

ಹೊಸ ವಿಶ್ವವಿದ್ಯಾನಿಲಯಕ್ಕೆ ಎರಡು ಹಳೆಯ ಕಾಲೇಜುಗಳ ಆಧಾರವಿತ್ತು. ಮೈಸೂರಿನ ಮಹಾರಾಜ ಕಾಲೇಜು ಕಲಾ ವಿಷಯಗಳ ನೆಲೆಯಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜು ವಿಜ್ಞಾನದ ನೆಲೆಯಾಯಿತು. ಇದ್ದ ಕಟ್ಟಡ, ಪ್ರಯೋಗಶಾಲೆ, ಅಧ್ಯಾಪಕರನ್ನು ಸದುಪಯೋಗ ಮಾಡಿಕೊಳ್ಳುವ ಜಾಣ್ಮೆ ಇದರಲ್ಲಿತ್ತು. ಆದರೆ ಇದರ ಫಲವಾಗಿ ಕಾವ್ಯವನ್ನೂ ತತ್ವವನ್ನೂ ಓದುವ ಹುಡುಗನಿಗೂ, ಭೌತಶಾಸ್ತ್ರ ಓದುವ ಹುಡುಗನಿಗೂ ನಡುವೆ ಒಂದು ರೈಲು ಪ್ರಯಾಣದಷ್ಟು ದೂರ ಬಿತ್ತು. ಒಂದೇ ವಿಶ್ವವಿದ್ಯಾನಿಲಯದ ಮಕ್ಕಳಾಗಿದ್ದರೂ ಅವರು ಒಂದೇ ಮರದ ನೆರಳಿನಲ್ಲಿ ಕುಳಿತು ಮಾತನಾಡುವ ಅವಕಾಶ ತಪ್ಪಿತು.

ವ್ಯವಸ್ಥೆ ದೂರ ಮಾಡಿದ್ದನ್ನು ಕೆಲವು ವ್ಯಕ್ತಿಗಳು ತಮ್ಮ ಬದುಕಿನಲ್ಲಿ ಹತ್ತಿರ ತಂದರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆಗೂಡಿ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಆರಂಭಿಸಿದರು. ಅದೇ ಬೆಳ್ಳಾವೆಯವರು ಪಂಪಭಾರತದ ಸಂಪಾದನೆಯಲ್ಲಿಯೂ ತೊಡಗಿದರು. 1920ರ ದಶಕದಲ್ಲಿ ಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಸೀಲರು ಮೂಲತಃ ತತ್ವಶಾಸ್ತ್ರಜ್ಞರು. ಪ್ರಾಚೀನ ಭಾರತದ ವಿಜ್ಞಾನಗಳನ್ನು ಕುರಿತು 1915ರಲ್ಲಿ ದೊಡ್ಡ ಗ್ರಂಥವನ್ನೇ ಬರೆದವರು. ಇಂತಹವರು ಅಂದು ಅಪವಾದಗಳು ಮಾತ್ರ. ಅಪವಾದವನ್ನು ಪಾಠಪಟ್ಟಿಯನ್ನಾಗಿ ಮಾಡುವುದು ಹೇಗೆ ಎಂಬುದೇ ಪ್ರಶ್ನೆ.

ಮಹಾರಾಜ ಕಾಲೇಜಿನ ಒಂದು ಪ್ರಯೋಗ

ಆ ಪ್ರಶ್ನೆಗೆ ಒಂದು ಉತ್ತರ ಮಹಾರಾಜ ಕಾಲೇಜಿನಲ್ಲಿಯೇ ಸಿದ್ಧವಾಯಿತು. ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎ. ಆರ್. ವಾಡಿಯಾ ಅವರ ಆಸಕ್ತಿಯಿಂದ ‘ಸಾಮಾಜಿಕ ತತ್ವಶಾಸ್ತ್ರ’ ಎಂಬ ಹೆಸರಿನ ಬಿ.ಎ. ಆನರ್ಸ್ ಪದವಿ ಅಲ್ಲಿ ನಡೆಯುತ್ತಿತ್ತು. ಸಮಾಜಶಾಸ್ತ್ರ, ಮಾನವಶಾಸ್ತ್ರ, ರಾಜಕೀಯ ಚಿಂತನೆ, ನೀತಿವಿಚಾರ ಮುಂತಾದ ಹಲವು ಕ್ಷೇತ್ರಗಳನ್ನು ಒಂದೇ ಪದವಿಯಲ್ಲಿ ಕೂಡಿಸುವ ಯತ್ನ ಅದು. ಮಾನವಶಾಸ್ತ್ರವನ್ನು ಪುರಾತತ್ವದ ವಿದ್ವಾಂಸರಾದ ಎಂ. ಎಚ್. ಕೃಷ್ಣ ಅವರು ಕಲಿಸುತ್ತಿದ್ದರು. ಮಣ್ಣಿನಡಿಯ ಹಳೆಯ ಊರನ್ನು ಅಗೆದು ತಿಳಿದವರು, ಮಣ್ಣಿನ ಮೇಲಿನ ಜೀವಂತ ಊರನ್ನು ಕುರಿತು ಪಾಠ ಹೇಳುತ್ತಿದ್ದರು.

ಈ ಪದವಿಯನ್ನು 1936ರಲ್ಲಿ ಪಡೆದ ಒಬ್ಬ ವಿದ್ಯಾರ್ಥಿ ಮೈಸೂರಿನ ಎಂ. ಎನ್. ಶ್ರೀನಿವಾಸ್. ಅವರು ಮುಂದೆ ಮುಂಬಯಿಯಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಓದಿ, ಭಾರತದ ಸಮಾಜಶಾಸ್ತ್ರಕ್ಕೆ ಹೊಸ ದಾರಿ ತೋರಿದರು. 1948ರಲ್ಲಿ ಮೈಸೂರು ಸಮೀಪದ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ಮಾಡಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ನಡೆದ ಬೆಂಕಿ ಅನಾಹುತದಲ್ಲಿ ಅವರ ಟಿಪ್ಪಣಿಗಳು ಸುಟ್ಟುಹೋದಾಗ, ನೆನಪಿನ ಬಲದಿಂದಲೇ ಆ ಹಳ್ಳಿಯ ಕುರಿತ ಗ್ರಂಥವನ್ನು ಬರೆದು 1976ರಲ್ಲಿ ಪ್ರಕಟಿಸಿದರು.

ಆ ಆನರ್ಸ್ ಪದವಿ ನಿರ್ದೋಷವಾಗಿರಲಿಲ್ಲ. ಅದರ ಹರವು ಅತಿಯಾಯಿತೆಂಬುದು ಶ್ರೀನಿವಾಸರ ಅಭಿಪ್ರಾಯವೇ ಆಗಿತ್ತು. ಹಲವು ಶಾಸ್ತ್ರಗಳನ್ನು ಒಬ್ಬ ವಿದ್ಯಾರ್ಥಿಯ ತಲೆಯ ಮೇಲೆ ಹೊರಿಸಿದರೆ ಯಾವುದರ ಆಳವೂ ಸಿಗದೆ ಹೋಗಬಹುದು. ಆದರೂ ಇಲ್ಲಿ ನೆನೆಯಬೇಕಾದ ಒಂದು ಸಂಗತಿಯಿದೆ. ಸಮಾಜವೆಂಬ ಒಂದೇ ವಸ್ತುವನ್ನು ಹಲವು ಕಿಟಕಿಗಳಿಂದ ನೋಡಬಹುದೆಂದು ಹದಿನೆಂಟು ಇಪ್ಪತ್ತರ ಹರೆಯದಲ್ಲಿ ಕಲಿತವರಿಗೆ, ಮುಂದೆ ಒಂದು ಹಳ್ಳಿಯ ಜಾತಿ, ಬೆಳೆ, ಜಗಳ, ಜಾತ್ರೆ, ಚುನಾವಣೆಗಳು ಬೇರೆಬೇರೆಯಲ್ಲವೆಂದು ಕಾಣುವುದು ಸುಲಭವಾಗುತ್ತದೆ.

ನಾಲೆ ಬಂದ ಊರು, ಬಾರದ ಊರು

ಹೀಗೆ ಕೂಡಿ ನೋಡುವುದರಿಂದ ಏನು ಪ್ರಯೋಜನ? ಮಂಡ್ಯದ ನೆಲವೇ ಇದಕ್ಕೆ ಉತ್ತರ ಕೊಟ್ಟಿದೆ. ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಶಿವನಸಮುದ್ರದ ಯಂತ್ರಗಳಿಗೆ ನೀರು ಸಾಲುತ್ತಿರಲಿಲ್ಲ. ವರ್ಷವಿಡೀ ನೀರನ್ನು ಒದಗಿಸಬೇಕೆಂಬುದು 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಲು ಒಂದು ಮುಖ್ಯ ಕಾರಣ. ಕಟ್ಟೆ ಎದ್ದಿತು, ಕನ್ನಂಬಾಡಿ ಎಂಬ ಊರು ಮುಳುಗಿತು. ಹುಳಿಕೆರೆಯ ಸುರಂಗವನ್ನು ಹಾದು ಬಂದ ನಾಲೆ 1930ರ ದಶಕದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಒಣಭೂಮಿಗೆ ನೀರುಣಿಸಿತು. ಇರ್ವಿನ್ ನಾಲೆ ಎಂದಿದ್ದುದನ್ನು ಈಗ ನಾವು ವಿಶ್ವೇಶ್ವರಯ್ಯ ನಾಲೆ ಎನ್ನುತ್ತೇವೆ.

ನಾಲೆ ತೋಡುವುದು ಒಬ್ಬರ ವಿದ್ಯೆ. ನೀರು ಬಂದ ಮೇಲೆ ಏನು ಬೆಳೆಯಬೇಕೆಂಬುದು ಇನ್ನೊಬ್ಬರದು. ಕೆನಡಾದಿಂದ 1908ರಲ್ಲಿ ಮೈಸೂರಿಗೆ ಬಂದ ಲೆಸ್ಲಿ ಕೋಲ್ಮನ್ ಅವರು ಕೀಟ ಮತ್ತು ಶಿಲೀಂಧ್ರಗಳ ತಜ್ಞರು. ಮಲೆನಾಡಿನ ಅಡಕೆಯ ಕೊಳೆರೋಗವನ್ನು ಅಧ್ಯಯನ ಮಾಡಿದವರು. ಕೃಷಿ ಇಲಾಖೆಯ ಮುಖ್ಯಸ್ಥರಾದ ಅವರೇ, ಮಂಡ್ಯದ ಕಬ್ಬಿಗೆ ಮಾರುಕಟ್ಟೆ ಬೇಕೆಂದು ಶ್ರಮಿಸಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗಲು ಕಾರಣರಾದರು. ನೀರಿನ ಜೊತೆಗೆ ಸೊಳ್ಳೆಯೂ ಬಂದಿತು, ಮಲೇರಿಯಾ ಹರಡಿತು. ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದಿಂದ ಮೈಸೂರಿನ ಆರೋಗ್ಯ ಇಲಾಖೆ ಈ ಸೀಮೆಯಲ್ಲಿ ಜ್ವರದ ಮೂಲವನ್ನು ಹುಡುಕತೊಡಗಿತು. ನಾಲೆಯನ್ನು ಎಳೆಯುವಾಗಲೇ ವೈದ್ಯನನ್ನೂ ಕರೆಯಬೇಕೆಂಬ ಪಾಠ ಬಡವರ ಮೈಸುಡುವ ಜ್ವರದಿಂದ ಕಲಿಯಬೇಕಾಯಿತು.

ಮುಂದೆ 1954ರಿಂದ 1956ರವರೆಗೆ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ ಮಂಡ್ಯದ ಸುತ್ತ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದರು. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಹೋಗಬೇಕಾಗಿ ಬಂದ ಯಹೂದಿ ಕುಟುಂಬದ ಮಗಳು ಅವರು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಅರ್ಥಶಾಸ್ತ್ರವನ್ನೂ ಮಾನವಶಾಸ್ತ್ರವನ್ನೂ ಓದಿದ್ದರು. ನಾಲೆಯ ನೀರು ಸಿಕ್ಕ ಹಳ್ಳಿಗೆ ‘ವಂಗಲ’ ಎಂದೂ, ಎತ್ತರದಲ್ಲಿದ್ದು ನೀರು ಸಿಗದ ಹಳ್ಳಿಗೆ ‘ದಲೇನ’ ಎಂದೂ ತಮ್ಮ ಪುಸ್ತಕದಲ್ಲಿ ಹೆಸರಿಟ್ಟರು.

ಅವರು ಕಂಡದ್ದು ಅಚ್ಚರಿಯ ಸಂಗತಿ. ನೀರು ಬಂದು ಶ್ರೀಮಂತವಾದ ಹಳ್ಳಿಯಲ್ಲಿ ಹಳೆಯ ಸಾಮಾಜಿಕ ಕಟ್ಟುಪಾಡುಗಳು ಬಹುಮಟ್ಟಿಗೆ ಹಾಗೆಯೇ ಉಳಿದಿದ್ದವು. ಒಕ್ಕಲಿಗ ಒಡೆಯನಿಗೂ ವಂಶಪಾರಂಪರ್ಯದ ಆಳಿಗೂ ಇದ್ದ ಸಂಬಂಧ ಮುರಿಯಲಿಲ್ಲ. ಬೇಸಾಯ ಹೆಚ್ಚಿತು, ಬದುಕಿನ ಕ್ರಮ ಬದಲಾಗಲಿಲ್ಲ. ನೀರು ಸಿಗದ ಹಳ್ಳಿಯವರೋ ಮಂಡ್ಯ ಪಟ್ಟಣದಲ್ಲಿ ಕೆಲಸ ಹುಡುಕಿದರು, ವ್ಯಾಪಾರಕ್ಕೆ ಇಳಿದರು, ಬೇರೆ ಊರುಗಳಲ್ಲಿ ಜಮೀನು ಕೊಂಡರು. ಹಳೆಯ ಕಟ್ಟುಗಳು ಸಡಿಲವಾದದ್ದು ಅಲ್ಲಿ. ಅರ್ಥಶಾಸ್ತ್ರಜ್ಞ ಒಬ್ಬನೇ ಹೋಗಿದ್ದರೆ ಟನ್ನುಗಟ್ಟಲೆ ಕಬ್ಬನ್ನು ಎಣಿಸಿ ವಂಗಲ ಮುಂದುವರಿದಿದೆ ಎನ್ನುತ್ತಿದ್ದ. ಮಾನವಶಾಸ್ತ್ರಜ್ಞ ಒಬ್ಬನೇ ಹೋಗಿದ್ದರೆ ಸಂಪ್ರದಾಯಗಳನ್ನು ದಾಖಲಿಸಿ ಹಿಂದಿರುಗುತ್ತಿದ್ದ. ಎರಡೂ ಕಣ್ಣುಗಳಿದ್ದವರಿಗೆ ಮಾತ್ರ ಹಣದ ಏರಿಕೆಯೂ ಸಮಾಜದ ಬದಲಾವಣೆಯೂ ಒಂದೇ ಅಲ್ಲವೆಂಬ ಸತ್ಯ ಕಂಡಿತು. 1962ರಲ್ಲಿ ಪ್ರಕಟವಾದ ಆ ಅಧ್ಯಯನ ಮಂಡ್ಯದ ಹೆಸರನ್ನು ಜಗತ್ತಿನ ತರಗತಿಗಳಿಗೆ ಕೊಂಡೊಯ್ದಿತು.

ನ್ಯೂಮನ್ ಕಂಡ ವಿದ್ಯಾಲಯ

ಈ ವಿಚಾರ ನಮ್ಮ ಧರ್ಮಸಭೆಯ ಪರಂಪರೆಗೂ ಹೊಸದಲ್ಲ. 1852ರಲ್ಲಿ ಡಬ್ಲಿನ್ ನಗರದಲ್ಲಿ ಜಾನ್ ಹೆನ್ರಿ ನ್ಯೂಮನ್ ಅವರು ವಿಶ್ವವಿದ್ಯಾನಿಲಯದ ಸ್ವರೂಪವನ್ನು ಕುರಿತು ಉಪನ್ಯಾಸಗಳನ್ನು ನೀಡಿದರು. ಎಲ್ಲ ವಿದ್ಯೆಗಳೂ ಒಂದಕ್ಕೊಂದು ಹೆಣೆದುಕೊಂಡಿವೆ, ಒಂದನ್ನು ಹೊರಗಿಟ್ಟರೆ ಆ ಜಾಗ ಖಾಲಿ ಉಳಿಯುವುದಿಲ್ಲ, ನೆರೆಯ ವಿದ್ಯೆ ತನಗೆ ಸಲ್ಲದ ಆ ಜಾಗವನ್ನು ಆಕ್ರಮಿಸಿ ಎರಡೂ ಕೆಡುತ್ತವೆ ಎಂಬುದು ಅವರ ವಾದದ ತಿರುಳು. ಅವರು ಮುಖ್ಯಸ್ಥರಾಗಿ ನಡೆಸಿದ ಕಥೋಲಿಕ ವಿಶ್ವವಿದ್ಯಾನಿಲಯ 1854ರಲ್ಲಿ ತೆರೆಯಿತಾದರೂ ಸೊರಗಿತು. ಅದರಲ್ಲಿ ಚೆನ್ನಾಗಿ ನಡೆದದ್ದು, ಖಚಿತವಾದ ಉದ್ಯೋಗಕ್ಕೆ ದಾರಿಯಾದ ವೈದ್ಯ ಶಾಲೆ. ಹಿರಿದಾದ ಆದರ್ಶವೂ ಅನ್ನದ ಪ್ರಶ್ನೆಯನ್ನು ಎದುರಿಸಲೇಬೇಕು. ನ್ಯೂಮನ್ ಅವರನ್ನು 2019ರಲ್ಲಿ ಸಂತರೆಂದು ಘೋಷಿಸಲಾಯಿತು. 2025ರ ನವೆಂಬರ್ 1ರಂದು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಲಾಯಿತು.

ಮೂರು ವರ್ಷ, ನಾಲ್ಕು ವರ್ಷ

ನಮ್ಮ ಕಾಲೇಜುಗಳಿಗೆ ಬರೋಣ. ಪಿ.ಸಿ.ಎಂ., ಸಿ.ಬಿ.ಝಡ್., ಎಚ್.ಇ.ಪಿ. ಎಂಬ ಗುಂಪುಗಳು ನಮಗೆಲ್ಲ ಪರಿಚಿತ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿದ ವಿದ್ಯಾರ್ಥಿ ಮೂರು ಶಾಸ್ತ್ರಗಳನ್ನು ಓದಿದ್ದು ನಿಜ. ಆದರೆ ಅವನ ಅಂಕಪಟ್ಟಿಯಲ್ಲಿ ಮಾತ್ರ ಅವು ಅಕ್ಕಪಕ್ಕ ನಿಂತಿದ್ದವು. ಮೂವರು ಅಧ್ಯಾಪಕರು ಒಟ್ಟಿಗೆ ಕುಳಿತು ಒಂದು ಪ್ರಶ್ನೆಯನ್ನು ಕೇಳಿದ್ದು ಅಪರೂಪ. ಹಲವು ವಿಷಯಗಳನ್ನು ಓದುವುದು ಬೇರೆ, ವಿಷಯಗಳನ್ನು ಕೂಡಿಸಿ ಓದುವುದು ಬೇರೆ. ಒಂದೇ ಅಂಗಳದಲ್ಲಿ ಮೂರು ಮನೆಗಳಿದ್ದ ಮಾತ್ರಕ್ಕೆ ಅದು ಕೂಡುಕುಟುಂಬವಾಗುವುದಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ ಎಲ್ಲ ರಾಜ್ಯಗಳಿಗಿಂತ ಮೊದಲು, 2021ರಲ್ಲಿ, ಪದವಿ ತರಗತಿಗಳಿಗೆ ತಂದಿತು. ನಾಲ್ಕು ವರ್ಷಗಳ ಆನರ್ಸ್ ಪದವಿಗೆ ಅವಕಾಶವಾಯಿತು. ವಿಜ್ಞಾನದ ವಿದ್ಯಾರ್ಥಿ ಕಲಾ ವಿಭಾಗದ ಪತ್ರಿಕೆಯನ್ನೂ, ಕಲಾ ವಿದ್ಯಾರ್ಥಿ ವಾಣಿಜ್ಯದ ಪತ್ರಿಕೆಯನ್ನೂ ಮುಕ್ತ ಆಯ್ಕೆಯಾಗಿ ಓದಬಹುದಾಯಿತು. 2023ರಲ್ಲಿ ಸರ್ಕಾರ ಬದಲಾಯಿತು. ಪ್ರೊಫೆಸರ್ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ನೇಮಕವಾಯಿತು. ಅದರ ಮಧ್ಯಂತರ ವರದಿಯ ಆಧಾರದ ಮೇಲೆ, 2024ರ ಮೇ ತಿಂಗಳ ಆದೇಶದಂತೆ 2024-25ನೇ ಸಾಲಿನಿಂದ ಮೂರು ವರ್ಷಗಳ ಪದವಿ ಮರಳಿತು. ನಾಲ್ಕನೆಯ ವರ್ಷ ಬಡ ಕುಟುಂಬಗಳಿಗೆ ಹೊರೆಯೆಂಬ ವಾದದಲ್ಲಿ ಹುರುಳಿದೆ. ಸಿದ್ಧತೆಯಿಲ್ಲದೆ ಆರಂಭಿಸಿದ್ದೇ ತಪ್ಪೆಂಬ ಮಾತಿನಲ್ಲಿಯೂ ಹುರುಳಿದೆ. ಆದರೆ ವರ್ಷಗಳ ಲೆಕ್ಕದಲ್ಲಿ ಮುಳುಗಿದ ಚರ್ಚೆ ಒಂದು ಪ್ರಶ್ನೆಯನ್ನು ಮರೆಯಿತು: ಆ ವರ್ಷಗಳಲ್ಲಿ ಮಕ್ಕಳು ಏನನ್ನು ಯಾವುದರೊಂದಿಗೆ ಕೂಡಿಸಿ ಕಲಿಯಬೇಕು? ಮುಕ್ತ ಆಯ್ಕೆ ಎಂಬುದು ಹಲವೆಡೆ, ಇರುವ ಅಧ್ಯಾಪಕರು ಕಲಿಸಬಲ್ಲ ಪತ್ರಿಕೆಯಷ್ಟೇ ಆಯಿತು.

ಪದವಿಯನ್ನು ಕಟ್ಟುವ ಬಗೆ

ಈ ನೂರಿಪ್ಪತ್ತು ವರ್ಷಗಳ ಇತಿಹಾಸದಿಂದ ಕೆಲವು ಪಾಠಗಳನ್ನು ಹೆಕ್ಕಬಹುದು. ಮೊದಲನೆಯದು, ಕೂಡು ಪದವಿಯನ್ನು ವಿಷಯಗಳ ಪಟ್ಟಿಯಿಂದ ಆರಂಭಿಸಬಾರದು, ಪ್ರಶ್ನೆಯಿಂದ ಆರಂಭಿಸಬೇಕು. ಆಕ್ಸ್‌ಫರ್ಡಿನಲ್ಲಿ 1920ರಲ್ಲಿ ತತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳನ್ನು ಬೆಸೆದ ಪದವಿ ಹುಟ್ಟಿ ಇಂದಿಗೂ ಬಾಳಿದೆ. ಆಧುನಿಕ ಸಮಾಜವನ್ನು ಅರಿಯುವುದು ಹೇಗೆ ಎಂಬ ಒಂದು ಪ್ರಶ್ನೆಗೆ ಆ ಮೂರೂ ಉತ್ತರಿಸುತ್ತವೆ. ನಮ್ಮ ಮಂಡ್ಯದ ಕಾಲೇಜಿಗೆ ಕಾವೇರಿಗಿಂತ ಒಳ್ಳೆಯ ಪ್ರಶ್ನೆ ಬೇಕೆ? ಶಿವನಸಮುದ್ರದ ಒಂದು ಯೂನಿಟ್ ವಿದ್ಯುತ್ತನ್ನು ಅರಿಯಲು ಭೌತಶಾಸ್ತ್ರ ಬೇಕು, ಮಳೆಯ ಲೆಕ್ಕ ಬೇಕು, ಎರಡು ರಾಜ್ಯಗಳ ವ್ಯಾಜ್ಯದ ಇತಿಹಾಸ ಬೇಕು, ದರದ ಅರ್ಥಶಾಸ್ತ್ರ ಬೇಕು, ನದಿಯನ್ನು ತಾಯಿಯೆಂದು ಕರೆದ ಜನಪದರ ಹಾಡೂ ಬೇಕು.

ಎರಡನೆಯದು, ಅಗಲದ ಜೊತೆಗೆ ಆಳವಿರಬೇಕು. ಸಾಮಾಜಿಕ ತತ್ವಶಾಸ್ತ್ರದ ಆನರ್ಸ್ ಪದವಿ ಎಡವಿದ್ದು ಇಲ್ಲಿಯೇ. ವಿದ್ಯಾರ್ಥಿ ಒಂದು ಶಾಸ್ತ್ರದಲ್ಲಿ ಬೇರು ಬಿಡಬೇಕು. ಉಳಿದವುಗಳೊಡನೆ ಮಾತನಾಡಲು ಬೇಕಾದಷ್ಟು ಭಾಷೆಯನ್ನು ಕ್ರಮವಾಗಿ ಕಲಿಯಬೇಕು. ಬೇರಿಲ್ಲದ ಕೊಂಬೆಗಳಿಗೆ ನೆರಳಿಲ್ಲ.

ಮೂರನೆಯದು, ಮಕ್ಕಳು ಕೂಡಿ ಕಲಿಯಬೇಕಾದರೆ ಗುರುಗಳು ಕೂಡಿ ಕಲಿಸಬೇಕು. ಇಬ್ಬರು ಅಧ್ಯಾಪಕರು ಒಂದೇ ತರಗತಿಯಲ್ಲಿ ನಿಂತು ಗೌರವದಿಂದ ಭಿನ್ನಾಭಿಪ್ರಾಯ ಪಡುವುದನ್ನು ಕಂಡ ವಿದ್ಯಾರ್ಥಿ, ಪುಸ್ತಕದಲ್ಲಿ ಸಿಗದ ಒಂದು ಪಾಠವನ್ನು ಕಲಿಯುತ್ತಾನೆ. ವೇಳಾಪಟ್ಟಿ, ಕೆಲಸದ ಹೊರೆಯ ಲೆಕ್ಕ, ಪರೀಕ್ಷೆಯ ಕ್ರಮ ಇದಕ್ಕೆ ಜಾಗ ಬಿಡಬೇಕು. ಕೊನೆಯ ವರ್ಷದಲ್ಲಿ ಒಂದು ಊರಿನ, ಒಂದು ಕೆರೆಯ, ಒಂದು ಕಾರ್ಖಾನೆಯ ಅಧ್ಯಯನವನ್ನು ಬೇರೆಬೇರೆ ವಿಭಾಗಗಳ ನಾಲ್ಕಾರು ವಿದ್ಯಾರ್ಥಿಗಳು ಒಟ್ಟಾಗಿ ಮಾಡಿ, ಊರಿನವರ ಮುಂದೆಯೇ ಒಪ್ಪಿಸಬೇಕು.

ನಾಲ್ಕನೆಯದು, ಉದ್ಯೋಗದ ಪ್ರಶ್ನೆಗೆ ನೇರವಾದ ಉತ್ತರವಿರಬೇಕು. ಬಿ.ಎಡ್. ಪ್ರವೇಶಕ್ಕೆ, ಸರ್ಕಾರಿ ನೇಮಕಾತಿಗೆ ಇಂತಿಂಥ ವಿಷಯಗಳನ್ನೇ ಓದಿರಬೇಕೆಂಬ ನಿಯಮಗಳಿರುವಾಗ, ಕೂಡು ಪದವಿಯ ವಿದ್ಯಾರ್ಥಿ ಹೊರಗೆ ನಿಲ್ಲಬಾರದು. ಪದವಿಯನ್ನು ರಚಿಸುವವರು ಈ ನಿಯಮಗಳನ್ನು ಮೊದಲೇ ಸರಿಪಡಿಸದೆ ಮಕ್ಕಳನ್ನು ಸೇರಿಸಿಕೊಳ್ಳುವುದು ಅನ್ಯಾಯ. ಸಿರಿವಂತರ ಮಕ್ಕಳಿಗೆ ದೊಡ್ಡ ಶುಲ್ಕದ ಖಾಸಗಿ ವಿಶ್ವವಿದ್ಯಾನಿಲಯಗಳಲ್ಲಿ ಇಂತಹ ಪದವಿಗಳು ಈಗಾಗಲೇ ಸಿಗುತ್ತಿವೆ. ಮಳವಳ್ಳಿಯ ಸರ್ಕಾರಿ ಕಾಲೇಜಿಗೆ ಬಸ್ಸಿನಲ್ಲಿ ಬರುವ ರೈತನ ಮಗಳಿಗೂ ಅದು ಸಿಗುವುದೇ ಎಂಬುದು ನಿಜವಾದ ಪರೀಕ್ಷೆ.

ಹೆತ್ತವರ ಪಾಲು

ಪಾಠಪಟ್ಟಿ ರಚಿಸುವುದು ವಿದ್ವಾಂಸರ ಕೆಲಸ, ನಮಗೇನು ಎಂದು ಓದುಗರು ಕೇಳಬಹುದು. ನಮ್ಮ ಪಾಲೂ ಇದೆ. ‘ಕಲೆ ತೆಗೆದುಕೊಂಡನಂತೆ, ಪಾಪ’ ಎನ್ನುವ ಮಾತು ನಮ್ಮ ಮನೆಗಳಲ್ಲಿಯೇ ಹುಟ್ಟುವುದು. ಎಂಜಿನಿಯರಿಂಗ್ ಓದುವ ಮಗಳಿಗೆ ಕಾದಂಬರಿ ಕಾಲಹರಣವೆಂದು ಹೇಳುವವರೂ, ಇತಿಹಾಸ ಓದುವ ಮಗನಿಗೆ ಲೆಕ್ಕ ಬೇಡವೆನ್ನುವವರೂ ನಾವೇ. 1901ರ ಸಮಿತಿಗಳು ಹಿಡಿದ ಕತ್ತರಿಯನ್ನೇ ನಾವೂ ಪ್ರೀತಿಯ ಹೆಸರಿನಲ್ಲಿ ಹಿಡಿಯುತ್ತೇವೆ.

ಮಗುವಿನ ಅನ್ನದ ಚಿಂತೆ ಹೆತ್ತವರ ಧರ್ಮ. ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ನಾಳೆ ನಮ್ಮ ಮಕ್ಕಳು ಅಣೆಕಟ್ಟು ಕಟ್ಟುವವರೋ, ಆಸ್ಪತ್ರೆ ನಡೆಸುವವರೋ, ಊರಿಗೆ ಕಾನೂನು ಮಾಡುವವರೋ ಆಗಬಹುದು. ಅವರ ತಂತಿಯ ಕೆಳಗೆ ಕತ್ತಲೆಯಲ್ಲಿ ಉಳಿಯುವ ಹಳ್ಳಿ ಇರುತ್ತದೆ, ಅವರ ನಾಲೆಯ ಪಕ್ಕದಲ್ಲಿ ಜ್ವರದಿಂದ ನಡುಗುವ ಮನೆಯಿರುತ್ತದೆ. ಆ ಹಳ್ಳಿಯನ್ನೂ ಆ ಮನೆಯನ್ನೂ ಕಾಣುವ ಕಣ್ಣು ಅವರಿಗೆ ಕಾಲೇಜಿನಲ್ಲಿಯೇ ತೆರೆಯಬೇಕು. ಕೆಲಸಕ್ಕೆ ಸೇರಿದ ಮೇಲೆ ಅದಕ್ಕೆ ಪುರುಸೊತ್ತು ಸಿಗುವುದು ಕಡಿಮೆ. ಈ ವರ್ಷ ಮಗ ಅಥವಾ ಮಗಳು ಅರ್ಜಿ ತುಂಬಲು ಕುಳಿತಾಗ, ಯಾವ ಕೋರ್ಸ್ ಎಂದು ಕೇಳಿದ ಮೇಲೆ ಇನ್ನೊಂದು ಮಾತನ್ನೂ ಕೇಳೋಣ: ಅದರ ಜೊತೆಗೆ ಇನ್ನೇನನ್ನು ಕಲಿಯುವೆ?